ಓಡದ ಚಿತ್ರದ ಚರಿತ್ರೆ

ಉತ್ತರ ಕರ್ನಾಟಕದ ಹಳೆಯ ಮನೆಯ ಅಟ್ಟದ ಮೇಲೆ ಮೋಡಿ ಲಿಪಿಯ ಕಾಗದವೊಂದು ಸಿಕ್ಕರೆ ಅದನ್ನು ಯಾರೂ ‘ಕೆಟ್ಟ ಕಾಗದ’ ಎನ್ನುವುದಿಲ್ಲ. ‘ಓದಬಲ್ಲವರು ಬೇಕು’ ಎನ್ನುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ವಿಡಿಯೊ ಒಂದು ಓಡದೆ ನಿಂತಿತೆಂದರೆ, ‘ಫೈಲು ಕೆಟ್ಟಿತು’ ಎಂದು ಅಳಿಸಿಬಿಡುವವರು ನಮ್ಮಲ್ಲಿ ಬಹಳ ಮಂದಿ. ಕಾಗದಕ್ಕೆ ತೋರುವ ತಾಳ್ಮೆಯನ್ನು ಈ ಚಿತ್ರಗಳಿಗೂ ತೋರಬೇಕೆಂಬುದು ನನ್ನ ವಾದ. ಅದಕ್ಕೆ ಆಧಾರ ಇವುಗಳ ಚರಿತ್ರೆಯಲ್ಲಿಯೇ ಇದೆ.

ಚಲಿಸುವ ಚಿತ್ರವನ್ನು ಇದ್ದಂತೆಯೇ ಅಂಕಿಗಳಲ್ಲಿ ಬರೆದಿಡುವುದು ದುಬಾರಿಯ ಕೆಲಸ. ಮದುವೆಮನೆಗಳ ವಿ.ಸಿ.ಡಿ.ಯನ್ನೇ ತೆಗೆದುಕೊಳ್ಳಿ. ಅದರ ಚಿತ್ರಕ್ಕೆ ಅಗಲದಲ್ಲಿ 352, ಎತ್ತರದಲ್ಲಿ 288 ಚುಕ್ಕಿಗಳು. ಸೆಕೆಂಡಿಗೆ ಇಂಥ 25 ಚಿತ್ರಗಳು. ಹಿಂಡದೆ ಬರೆದರೆ ಸೆಕೆಂಡಿಗೆ ಸುಮಾರು 3 ಕೋಟಿ ಬಿಟ್‌ಗಳು ಬೇಕು. ಆ ತಟ್ಟೆಯಲ್ಲಿ ಚಿತ್ರಕ್ಕೆ ದೊರೆಯುವುದು ಸುಮಾರು 11.5 ಲಕ್ಷ ಮಾತ್ರ. ಕಂಡುಗದ ಕಾಳನ್ನು ಕೊಳಗದಲ್ಲಿ ತುಂಬಿಸುವ ವಿದ್ಯೆಯಿದು.

ಈ ವಿದ್ಯೆಯ ಮೂಲವನ್ನು ಅರಸಿ ಹೊರಟರೆ ಬೆಂಗಳೂರಿನವರೊಬ್ಬರು ಎದುರಾಗುತ್ತಾರೆ. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕೆಗೆ ಹೋದರು. ಚಿತ್ರವನ್ನು ಹಿಂಡುವ ಹೊಸ ಗಣಿತಮಾರ್ಗವೊಂದರ ಸಂಶೋಧನೆಗಾಗಿ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು, ಅದು ದೊರೆಯಲಿಲ್ಲ. ಆದರೂ ಕೈಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಚಿತ್ರವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಚೌಕದ ನೆರಳುಬೆಳಕನ್ನು ದೊಡ್ಡ ಅಲೆ, ಸಣ್ಣ ಅಲೆಗಳ ಮೊತ್ತವಾಗಿ ಬರೆದರೆ, ಕಣ್ಣಿಗೆ ತೋರದ ಅಲೆಗಳನ್ನು ಬಿಟ್ಟುಬಿಡಬಹುದು. ವಿ.ಸಿ.ಡಿ.ಯ ಎಂಪೆಗ್-1 ಎಂಬ ಪದ್ಧತಿ 1993ರಲ್ಲಿ ಬಂದುದು ಈ ತಳಹದಿಯ ಮೇಲೆಯೇ.

ತತ್ತ್ವ ಒಂದಾದರೂ ಲಿಪಿಗಳು ಹಲವಾದವು. 1991ರಲ್ಲಿ ಆಪಲ್ ಸಂಸ್ಥೆಯ ಕ್ವಿಕ್‌ಟೈಮ್, 1992ರಲ್ಲಿ ಮೈಕ್ರೋಸಾಫ್ಟಿನ ಎವಿಐ ಬಂದವು. ಆಮೇಲೆ 2003ರಲ್ಲಿ ಎಚ್.264, 2013ರಲ್ಲಿ ಎಚ್‌ಇವಿಸಿ, 2018ರಲ್ಲಿ ಎವಿ1. ಇಲ್ಲಿ ವಾಚಕರು ಒಂದು ಭೇದವನ್ನು ಗಮನಿಸಬೇಕು. ಎವಿಐ, ಎಂಪಿ4 ಮುಂತಾದವು ಪೆಟ್ಟಿಗೆಯ ಹೆಸರುಗಳು; ಒಳಗಿನ ಬರಹದ ಲಿಪಿ ಬೇರೆ. ಆ ಲಿಪಿಯನ್ನು ಬರೆದು ಓದುವ ತಂತ್ರಾಂಶಕ್ಕೆ ಕೋಡೆಕ್ ಎಂದು ಹೆಸರು. ಅದಿಲ್ಲದ ಕಂಪ್ಯೂಟರಿನಲ್ಲಿ ಪೆಟ್ಟಿಗೆ ತೆರೆದರೂ ಚಿತ್ರ ಕಾಣದೆ ಧ್ವನಿಯಷ್ಟೇ ಕೇಳಿಸುವುದುಂಟು. ಓದುಗನೇ ಇಲ್ಲದಂತಾಗುವ ಪ್ರಸಂಗಗಳೂ ನಡೆದಿವೆ: ತೊಂಬತ್ತರ ದಶಕದಲ್ಲಿ ಬಳಕೆಯಲ್ಲಿದ್ದ ಇಂಡಿಯೊ ಎಂಬ ಕೋಡೆಕ್ಕನ್ನು ಭದ್ರತೆಯ ಕಾರಣಕ್ಕಾಗಿ ಮೈಕ್ರೋಸಾಫ್ಟ್ 2009ರಲ್ಲಿ ತನ್ನ ಹಳೆಯ ವಿಂಡೋಸ್‌ಗಳಲ್ಲಿ ತಡೆಹಿಡಿಯಿತು. ಅಂದು ಫೈಲುಗಳಿಗೆ ಏನೂ ಆಗಿರಲಿಲ್ಲ. ಓದುವವನನ್ನು ಮನೆಯಿಂದ ಹೊರಗೆ ಕಳಿಸಿದ್ದರು, ಅಷ್ಟೆ.

ಈ ಕೊರತೆಯನ್ನು ತುಂಬಿದವರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ವಿದ್ಯಾರ್ಥಿಗಳು ಮುಖ್ಯರು. ಅವರು 1996ರಲ್ಲಿ ಆರಂಭಿಸಿದ ವಿಎಲ್‌ಸಿ 2001ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಹಲವು ಲಿಪಿಗಳ ಓದುಗರನ್ನು ಅದು ತನ್ನೊಳಗೇ ಇಟ್ಟುಕೊಂಡಿದೆ.

ನನಗೆ ತಿಳಿದ ಮನೆಯೊಂದರಲ್ಲಿ, ಮದುವೆಯ ವಿ.ಸಿ.ಡಿ.ಯಿಂದ ಕಂಪ್ಯೂಟರಿಗೆ ಇಳಿಸಿದ್ದ ಫೈಲು ತೆರೆಯಲಿಲ್ಲ. ಆ ಮನೆಯ ಅಜ್ಜಿ ಸೋಬಾನೆ ಹೇಳಿದ್ದು ಉಳಿದಿದ್ದುದು ಅದೊಂದರಲ್ಲಿಯೇ. ಹೆಸರಿನ ಕೊನೆಯಲ್ಲಿ ‘ಡಿಎಟಿ’ ಎಂದಿತ್ತು, ವಿ.ಸಿ.ಡಿ.ಯ ಚಿತ್ರಗಳಿಗೆ ಅದೇ ರೂಢಿಯ ಹೆಸರು. ಅದನ್ನು ‘ಎಂಪಿಜಿ’ ಎಂದು ಬದಲಿಸಿದೊಡನೆ ಅಜ್ಜಿ ಹಾಡತೊಡಗಿದರು. ಕೇಳಿ ಮನೆಮಂದಿ ಮಾತಿಲ್ಲದೆ ಕುಳಿತರು.

ಆದ್ದರಿಂದ ಓಡದ ಚಿತ್ರದ ಎದುರಿನಲ್ಲಿ ಆತುರ ಸಲ್ಲದು. ಮೊದಲು ಅದರ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು. ಮೂಲದ ಗಾತ್ರವನ್ನೂ ಪ್ರತಿಯ ಗಾತ್ರವನ್ನೂ ಹೋಲಿಸಿ, ನಕಲು ಅರ್ಧಕ್ಕೆ ನಿಂತಿಲ್ಲವೆಂದು ನೋಡಬೇಕು. ಆಮೇಲೆ ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ಮೊಬೈಲಿನಲ್ಲಿ ತೆಗೆಯುವಾಗ ನಡುವೆ ಬ್ಯಾಟರಿ ಮುಗಿದಿದ್ದರೆ ತೊಡಕು ಬೇರೆ: ಎಂಪಿ4ರಲ್ಲಿ ಯಾವ ಚಿತ್ರ ಎಲ್ಲಿದೆಯೆಂಬ ಅನುಕ್ರಮಣಿಕೆ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ, ಚಿತ್ರಗಳಿದ್ದೂ ದಾರಿ ತಿಳಿಯದಂತಾಗುತ್ತದೆ. ಅದೇ ಫೋನಿನ ಸರಿಯಾದ ಫೈಲೊಂದನ್ನು ಮಾದರಿಯಾಗಿ ಕೊಟ್ಟರೆ ಆ ಅನುಕ್ರಮಣಿಕೆಯನ್ನು ಮತ್ತೆ ಕಟ್ಟಲು ಯತ್ನಿಸುವ ಸಾಧನಗಳೂ ಉಂಟು.

ನಿಜವಾಗಿ ಅಳಿಯುವ ಫೈಲುಗಳೂ ಇವೆ. ಗೀರು ಬಿದ್ದ, ಪದರ ಕಳಚಿದ ತಟ್ಟೆಗೆ ಯಾವ ಕೋಡೆಕ್ಕೂ ಮದ್ದಲ್ಲ. ಬೀರುವಿನಲ್ಲಿರುವ ಮದುವೆಯ ತಟ್ಟೆಗಳನ್ನು ಈ ವಾರವೇ ಹೊರತೆಗೆದು, ಅವು ಇನ್ನೂ ಓಡುವಾಗಲೇ ಎರಡು ಕಡೆ ಪ್ರತಿ ಮಾಡಿಡಿರೆಂದು ವಾಚಕರಲ್ಲಿ ನನ್ನ ಬಿನ್ನಹ.