ಖಿನ್ನತೆ
ಬಳಲು, ನೋಯು ಎಂಬ ಅರ್ಥದ ಸಂಸ್ಕೃತ ಧಾತು ‘ಖಿದ್’ನಿಂದ ‘ಖೇದ’ವೂ ‘ಖಿನ್ನ’ವೂ ಹುಟ್ಟಿದ್ದು, ‘ಖಿನ್ನ’ಕ್ಕೆ ಭಾವವಾಚಕ ಪ್ರತ್ಯಯ ಸೇರಿ ‘ಖಿನ್ನತೆ’ಯಾಗಿದೆ. ಯಾವ ದುಃಖಕ್ಕೂ ಸಲ್ಲುತ್ತಿದ್ದ ಈ ಪದ ಇಂದು ವೈದ್ಯಕೀಯ ಪರಿಭಾಷೆಯಾಗಿ, ಕನಿಷ್ಠ ಎರಡು ವಾರ ದಿನದ ಬಹುಪಾಲು ಬಿಡದೆ ಕಾಡುವ ಬೇಸರ, ನಿರಾಸಕ್ತಿ, ನಿದ್ರೆ-ಹಸಿವುಗಳ ಏರುಪೇರು, ತಾನು ಯಾತಕ್ಕೂ ಬಾರದವನೆಂಬ ಭಾವ ಮುಂತಾದವು ಕೂಡಿ ದುಡಿಮೆಯನ್ನೂ ಸಂಬಂಧಗಳನ್ನೂ ಕೆಡಿಸುವ ಕಾಯಿಲೆಯನ್ನು ಸೂಚಿಸುತ್ತದೆ. ಕನ್ನಡ, ದಖನಿ, ಮರಾಠಿ, ತೆಲುಗು ಬೆರೆಯುವ, ಬೀದರ ಜಿಲ್ಲೆಯ ಮನ್ನಾಏಖೇಳ್ಳಿ, ಹುಮನಾಬಾದ ಸೀಮೆಯ ಆಡುಮಾತಿನಲ್ಲಿ ಫಾರಸಿ ಮೂಲದ ‘ಪರೇಶಾನಿ’ ಸಾಲದ ಚಿಂತೆಗೂ ಈ ಕಾಯಿಲೆಗೂ ಒಂದೇ ಹೆಸರಾದಾಗ, ಚಿಕಿತ್ಸೆಗೆ ಒಗ್ಗುವ ರೋಗವೊಂದು ಬರಿಯ ಕಷ್ಟವೆಂಬಂತೆ ಮರೆಯಾಗುತ್ತದೆ. ‘ಹುಚ್ಚು’ ಎಂಬ ಹೆಸರಂತೂ ಇದಕ್ಕೆ ಎಂದಿಗೂ ಸಲ್ಲದು. ನೆರವು ಬೇಕಾದವರಿಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.