ಎನ್‌ಸೈನ್ ಎನ್177: ಒಂದೇ ಕಾರು, ಎರಡು ತಂಡ, ಹತ್ತು ಅಂಕ

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಮದ್ರಾಸಿನ ಹೊರಗಿನ ಶೋಳಾವರಂ ವಿಮಾನಪಟ್ಟಿಯಲ್ಲಿ ಎನ್‌ಸೈನ್ ತಂಡದ ಫಾರ್ಮುಲಾ ಒನ್ ಕಾರು ಓಡಿಸಿದ ಸಂಗತಿ ಕನ್ನಡ ಪತ್ರಿಕೆಗಳಿಗೆ ಹೊಸದಲ್ಲ. 2008ರಲ್ಲಿ ಅವರ ಫೋರ್ಸ್ ಇಂಡಿಯಾ ತಂಡ ಕಣಕ್ಕಿಳಿದಾಗ ಅದನ್ನು ಪೂರ್ವಪೀಠಿಕೆಯಾಗಿ ಎಲ್ಲರೂ ನೆನೆದರು. ಆದರೆ ಆ ಬರಹಗಳೆಲ್ಲ ಓಡಿಸಿದವರನ್ನು ಕುರಿತವು. ಎನ್‌ಸೈನ್ ಎಂಬ ಸಣ್ಣ ಕಾರ್ಖಾನೆ ಎಂಥ ಕಾರು ಕಟ್ಟಿತು, ಅದರ ವಿನ್ಯಾಸದ ಬೆಲೆ ಏನು ಎಂಬುದು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ತಂಡ ತನ್ನ ಇಡೀ ಬಾಳಿನಲ್ಲಿ ಗಳಿಸಿದ 19 ಅಂಕಗಳಲ್ಲಿ 10 ಅಂಕಗಳನ್ನು ಒಂದೇ ವರ್ಷ, 1977ರಲ್ಲಿ, ತಂದುಕೊಟ್ಟ ಮಾದರಿ ಎನ್177. ಈ ಲೇಖನ ಅದನ್ನು ಕುರಿತದ್ದು.

ಹಿನ್ನೆಲೆಯ ಬಗ್ಗೆ ಹೆಚ್ಚಿನ ವಿವಾದವಿಲ್ಲ. ಇಂಗ್ಲೆಂಡಿನ ಮೋ ನನ್ ಚಾಲಕ ವೃತ್ತಿ ಬಿಟ್ಟು ಕಾರು ಕಟ್ಟಲು ಹೊರಟವರು. ಅವರ ಎನ್‌ಸೈನ್ ತಂಡ 1973ರಲ್ಲಿ ಗ್ರ್ಯಾನ್ ಪ್ರಿ ಕಣಕ್ಕೆ ಬಂತು. ಡೇವ್ ಬಾಲ್ಡ್ವಿನ್ ರೂಪಿಸಿದ ಎನ್176 ಕಾರಿನಲ್ಲಿ ಕ್ರಿಸ್ ಆಮನ್ 1976ರ ಸ್ಪೇನ್ ರೇಸಿನಲ್ಲಿ ಐದನೆಯವರಾದರು. ಅದನ್ನೇ ತಿದ್ದಿ ಬೆಳೆಸಿದ್ದು ಎನ್177. ಅಲ್ಯೂಮಿನಿಯಂ ತಗಡಿನ ಒಡಲು, ಅದರ ಬೆನ್ನಿಗೆ ಮೂರು ಲೀಟರಿನ ಕಾಸ್‌ವರ್ತ್ ಡಿಎಫ್‌ವಿ ಎಂಟು ಸಿಲಿಂಡರ್ ಎಂಜಿನ್, ಅದರ ಹಿಂದೆ ಹ್ಯೂಲ್ಯಾಂಡ್ ಗೇರ್‌ಬಾಕ್ಸ್. 1978ರ ಜರ್ಮನಿ ರೇಸಿನಲ್ಲಿ ಮುಂದೆ ಮೂರು ಬಾರಿ ವಿಶ್ವ ಚಾಂಪಿಯನ್ ಆದ ನೆಲ್ಸನ್ ಪಿಕೆ ತಮ್ಮ ಮೊದಲ ಗ್ರ್ಯಾನ್ ಪ್ರಿ ಓಡಿಸಿದ್ದು ಇದೇ ಮಾದರಿಯಲ್ಲಿ. ಇಷ್ಟರ ಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ.

ಒಪ್ಪಿಗೆ ತಪ್ಪುವುದು ಬೆಲೆ ಕಟ್ಟುವಾಗ. ಎಂಜಿನ್ ಕಾಸ್‌ವರ್ತಿನದು, ಗೇರ್‌ಬಾಕ್ಸ್ ಹ್ಯೂಲ್ಯಾಂಡಿನದು, ಎರಡನ್ನೂ ಕೊಂಡು ಜೋಡಿಸಿದ ಮೇಲೆ ಇದರಲ್ಲಿ ವಿನ್ಯಾಸವೆಲ್ಲಿದೆ ಎಂಬುದು ರೂಢಿಯ ತೀರ್ಪು. ಎಂಜಿನ್ನನ್ನೂ ತಾವೇ ಮಾಡಿಕೊಳ್ಳುತ್ತಿದ್ದ ಎಂಜೊ ಫೆರಾರಿ ಇಂಗ್ಲೆಂಡಿನ ಇಂಥ ತಂಡಗಳನ್ನು ಗ್ಯಾರೇಜಿನವರು ಎಂದು ಹಗುರಾಗಿ ಕಾಣುತ್ತಿದ್ದರೆಂಬ ಮಾತು ಪ್ರಸಿದ್ಧ. ಆ ಧೋರಣೆಯೇ ಇತಿಹಾಸ ಬರೆಯುವವರಿಗೂ ಬಳುವಳಿಯಾಗಿ ಬಂದಿದೆ. ನನ್ನ ಭಿನ್ನಾಭಿಪ್ರಾಯ ಇಲ್ಲಿಯೇ.

ಮೊದಲು ಜೋಡಣೆಯ ವಾದವನ್ನು ನೋಡೋಣ. 1977ರಲ್ಲಿ ಡಿಎಫ್‌ವಿ ಎಂಜಿನ್ ಮತ್ತು ಹ್ಯೂಲ್ಯಾಂಡ್ ಗೇರ್‌ಬಾಕ್ಸನ್ನು ನಂಬಿದ ತಂಡಗಳು ಹಲವಿದ್ದವು. ಅವುಗಳಲ್ಲಿ ವುಲ್ಫ್ ತಂಡ ಅದೇ ವರ್ಷ ಹೊಸ ಕಾರಿನೊಂದಿಗೆ ಬಂದು ಮೂರು ರೇಸು ಗೆದ್ದು 55 ಅಂಕ ಗಳಿಸಿತು. ಮೊನಾಕೊದಲ್ಲಿ ಅದು ಪಡೆದದ್ದು ಡಿಎಫ್‌ವಿ ಎಂಜಿನ್ನಿನ ನೂರನೆಯ ಜಯ. ಎನ್‌ಸೈನ್ 10, ಸರ್ಟೀಸ್ 6, ಮಾರ್ಚ್ ಸೊನ್ನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನೂರಾರು ಘಟಕಗಳಿಗೆ ಡೆನಿಮ್ ಬಟ್ಟೆ ಬರುವುದು ಹೊರಗಿನ ಗಿರಣಿಗಳಿಂದಲೇ. ಹಾಗೆಂದು ಎಲ್ಲರ ಪ್ಯಾಂಟೂ ಒಂದೇ ಎಂದು ಕೌಲ್ ಬಜಾರಿನಲ್ಲಿ ಯಾರೂ ಹೇಳಲಾರರು, ಕಟಿಂಗ್ ಮಾಸ್ಟರನ ಕೈ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಸರಕು ಒಂದೇ ಆಗಿದ್ದೂ ಫಲ ಸೊನ್ನೆಯಿಂದ 55ರವರೆಗೆ ಹರಡಿದೆ ಎಂದರೆ, ವ್ಯತ್ಯಾಸಕ್ಕೆ ಕಾರಣವನ್ನು ಸರಕಿನ ಹೊರಗೆ ಹುಡುಕಬೇಕು: ಒಡಲಿನ ವಿನ್ಯಾಸ, ಚಾಲಕ, ಹಣ, ಟೈರು.

ಇವುಗಳಲ್ಲಿ ವಿನ್ಯಾಸದ ಪಾಲನ್ನು ಬೇರ್ಪಡಿಸುವುದು ಸಾಮಾನ್ಯವಾಗಿ ಅಸಾಧ್ಯ. ಎನ್177 ಮಟ್ಟಿಗೆ ಮಾತ್ರ ಆ ವರ್ಷ ತಾನಾಗಿಯೇ ಒಂದು ಪ್ರಯೋಗವನ್ನು ನಡೆಸಿಕೊಟ್ಟಿದೆ. ಸ್ವಂತ ತಂಡದ ಕಾರನ್ನು ಓಡಿಸಿದವರು ಸ್ವಿಟ್ಜರ್ಲೆಂಡಿನ ಕ್ಲೇ ರೆಗಟ್ಸೋನಿ. ಆ ಹೊತ್ತಿಗೆ ನಾಲ್ಕು ಗ್ರ್ಯಾನ್ ಪ್ರಿ ಗೆದ್ದಿದ್ದ, ಫೆರಾರಿಯಿಂದ ಬಂದ ಪಳಗಿದ ಕೈ. ಬ್ರಿಟನ್ ರೇಸಿನಿಂದ ಮುಂದಕ್ಕೆ ಟೆಡ್ಡಿ ಯಿಪ್ ಅವರ ಥಿಯೊಡೋರ್ ತಂಡ ಇದೇ ಮಾದರಿಯ ಇನ್ನೊಂದು ಕಾರನ್ನು ಕೊಂಡು ಫ್ರಾನ್ಸಿನ ಪ್ಯಾಟ್ರಿಕ್ ಟಾಂಬೆ ಅವರ ಕೈಗೆ ಕೊಟ್ಟಿತು. ಅವರಿಗೆ ಅದು ಫಾರ್ಮುಲಾ ಒನ್‌ನ ಮೊದಲ ವರ್ಷ. ವರ್ಷದ ಕೊನೆಗೆ ಇಬ್ಬರ ಅಂಕವೂ ಐದೈದು. ರೆಗಟ್ಸೋನಿ ಅರ್ಜೆಂಟೀನಾದಲ್ಲಿ ಆರನೆಯವರು, ಇಟಲಿ ಮತ್ತು ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಐದನೆಯವರು. ಟಾಂಬೆ ಜರ್ಮನಿಯಲ್ಲಿ ಆರನೆಯವರು, ನೆದರ್ಲೆಂಡ್ಸ್ ಮತ್ತು ಕೆನಡಾದಲ್ಲಿ ಐದನೆಯವರು. ಚಾಲಕ ಬದಲಾದರೂ, ಯಜಮಾನ ಬದಲಾದರೂ ಕಾರು ಅದೇ ಮಟ್ಟ ಮುಟ್ಟಿತು.

ಅಂಕಗಳ ಈ ಸಮಾನತೆಗಿಂತ ನನಗೆ ಮುಖ್ಯವಾಗಿ ಕಂಡದ್ದು ವೈಫಲ್ಯಗಳ ಹೊಂದಾಣಿಕೆ. ಸಿಲ್ವರ್‌ಸ್ಟೋನ್‌ನ ಬ್ರಿಟನ್ ರೇಸಿನ ಅರ್ಹತಾ ಸುತ್ತಿನಲ್ಲಿ ರೆಗಟ್ಸೋನಿ ಉಳಿಯಲಿಲ್ಲ, ಮೊದಲ ಬಾರಿಗೆ ಆ ಕಾರಿಗೆ ಕೂತ ಟಾಂಬೆ ಉಳಿದರು. ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇದು ತಲೆಕೆಳಗಾಯಿತು: ಟಾಂಬೆ ಅರ್ಹತೆ ಪಡೆಯಲಿಲ್ಲ, ರೆಗಟ್ಸೋನಿ ಮಳೆಯಲ್ಲಿ ನೆನೆದ ಹಾದಿಯಲ್ಲಿ ಐದನೆಯವರಾದರು. ಒಂದೇ ಮಾದರಿ, ಒಂದೇ ದಿನ, ಒಂದೇ ಹಾದಿ. ಒಂದು ಕಾರು ಸಾಲಿನ ಹೊರಗೆ, ಇನ್ನೊಂದು ಸಾಲಿನೊಳಗೆ. ಮೂಲತಃ ಕಳಪೆಯಾದ ಕಾರು ಎರಡೂ ಕಡೆ ಹೊರಗುಳಿಯಬೇಕಿತ್ತು. ಹೀಗಾಗಿ ಎನ್177 ಒಳ್ಳೆಯ ಕಾರಾಗಿದ್ದರೂ ಅದರ ಒಳ್ಳೆಯತನ ಸಿಗುತ್ತಿದ್ದುದು ಬಹಳ ಕಿರಿದಾದ ಹೊಂದಾಣಿಕೆಯಲ್ಲಿ ಎಂದು ನಾನು ಸೂಚಿಸುತ್ತೇನೆ. ರೆಕ್ಕೆಯ ಕೋನ, ಸ್ಪ್ರಿಂಗಿನ ಬಿಗಿ ತುಸು ಸರಿದರೂ ಅದು ಕೈಬಿಡುತ್ತಿತ್ತು; ಬಿಡುವಿನಲ್ಲಿ ಪರೀಕ್ಷೆ ಓಡಿಸಲು ಹಣವಿಲ್ಲದ ತಂಡಕ್ಕೆ ಆ ಬಿಂದುವನ್ನು ಪ್ರತಿ ಹಾದಿಯಲ್ಲೂ ಹುಡುಕಿಕೊಳ್ಳುವ ಅವಕಾಶವಿರಲಿಲ್ಲ.

ಈ ಮಾತಿಗೆ ಕೆಲವು ಮಿತಿಗಳನ್ನು ಹಾಕಲೇಬೇಕು. ರೆಗಟ್ಸೋನಿ ಐದು ಅಂಕ ಪಡೆದದ್ದು ಇಡೀ ವರ್ಷದಲ್ಲಿ, ಟಾಂಬೆ ಕೊನೆಯ ಎಂಟು ರೇಸುಗಳ ಅವಧಿಯಲ್ಲಿ. ಈ ಸಮಾನತೆಯನ್ನು ಹೆಚ್ಚು ಎಳೆಯಬಾರದು. ರೆಗಟ್ಸೋನಿ ಹಲವು ರೇಸುಗಳನ್ನು ಅಪಘಾತದಲ್ಲಿ ಕಳೆದುಕೊಂಡರು, ಅದನ್ನು ಕಾರಿನ ತಲೆಗೆ ಕಟ್ಟುವುದೂ ಸರಿಯಲ್ಲ, ಚಾಲಕನ ತಲೆಗೆ ಕಟ್ಟುವುದೂ ಸರಿಯಲ್ಲ. ಎಂಜಿನ್ ಒಂದೇ ಮಾದರಿಯದಾದರೂ ದುರಸ್ತಿಯ ಗುಣ ತಂಡದಿಂದ ತಂಡಕ್ಕೆ ಬೇರೆಯಾಗಿರಬಹುದು; ಟಾಂಬೆ ಇಟಲಿಯಲ್ಲೂ ಜಪಾನಿನಲ್ಲೂ ಎಂಜಿನ್ ಕೆಟ್ಟೇ ನಿಂತರು. ಮಳೆ ಬಂದ ದಿನದ ಫಲವನ್ನು ಒಣ ದಿನದ ಫಲದೊಂದಿಗೆ ತೂಗುವಾಗಲೂ ಎಚ್ಚರ ಬೇಕು.

ಇಷ್ಟು ಕಳೆದ ಮೇಲೂ ಉಳಿಯುವ ಒಂದು ಸಾಕ್ಷ್ಯವಿದೆ. ಅದರತ್ತ ಸಾಕಷ್ಟು ಗಮನ ಹರಿದಿಲ್ಲ. ಬಾಲ್ಡ್ವಿನ್ ಎನ್‌ಸೈನ್ ಬಿಟ್ಟು ಬ್ರೆಜಿಲಿನ ಫಿಟಿಪಾಲ್ಡಿ ತಂಡ ಸೇರಿ ಅಲ್ಲಿ ಎಫ್5 ಎಂಬ ಕಾರನ್ನು ರೂಪಿಸಿದರು. 1977ರ ಆಗಸ್ಟ್ 28ರಂದು ನೆದರ್ಲೆಂಡ್ಸಿನ ಕಡಲಂಚಿನ ಝಾಂಡ್‌ವೂರ್ಟ್‌ನಲ್ಲಿ ಎಫ್5 ಓಡಿಸಿದ ಎಮರ್ಸನ್ ಫಿಟಿಪಾಲ್ಡಿ ನಾಲ್ಕನೆಯವರು, ಎನ್177 ಓಡಿಸಿದ ಟಾಂಬೆ ಐದನೆಯವರು. ಟಾಂಬೆ ಮೂರನೆಯ ಸ್ಥಾನದಲ್ಲಿದ್ದು, ಮುಗಿಯುವ ಹೊತ್ತಿಗೆ ಪೆಟ್ರೋಲ್ ಖಾಲಿಯಾಗಿ ಹಿಂದೆ ಬಿದ್ದರು. ಬೇರೆ ಬೇರೆ ಕಾರ್ಖಾನೆ, ಬೇರೆ ಬೇರೆ ದೇಶದ ಹಣ, ಒಬ್ಬರು ಎರಡು ಬಾರಿಯ ಚಾಂಪಿಯನ್, ಇನ್ನೊಬ್ಬರು ಹೊಸಬರು. ಎರಡು ಕಾರುಗಳಿಗೂ ಸಮಾನವಾಗಿದ್ದದ್ದು ಡಿಎಫ್‌ವಿ ಮತ್ತು ಬಾಲ್ಡ್ವಿನ್. ಡಿಎಫ್‌ವಿ ಆ ದಿನ ಇನ್ನೂ ಹಲವರ ಬೆನ್ನಿಗಿತ್ತು. ಮೂರನೆಯದಾಗಿ ಬಂದ ವುಲ್ಫ್ ಕಾರೊಂದನ್ನು ಬಿಟ್ಟರೆ ಅವರೆಲ್ಲ ಈ ಇಬ್ಬರ ಹಿಂದುಳಿದರು. ಒಂದು ರೇಸಿನಿಂದ ಸಿದ್ಧಾಂತ ಕಟ್ಟಲಾಗದು, ಆದರೂ ಜೋಡಣೆಯ ಕಾರು ಎಂಬ ತೀರ್ಪನ್ನು ಎತ್ತಿಹಿಡಿಯುವವರು ಈ ಮಧ್ಯಾಹ್ನಕ್ಕೆ ಉತ್ತರ ಹೇಳಬೇಕಾಗುತ್ತದೆ.

1978ರ ಕುಸಿತವನ್ನು ಇದಕ್ಕೆ ವಿರುದ್ಧವಾಗಿ ಎತ್ತುವುದುಂಟು. ಆ ವರ್ಷ ಎನ್177 ಚಾಲಕರ ಕೈಯಿಂದ ಕೈಗೆ ಹೋಯಿತು, ಸಿಕ್ಕಿದ್ದು ಕೆನಡಾದಲ್ಲಿ ಡೆರೆಕ್ ಡೇಲಿ ತಂದ ಒಂದೇ ಅಂಕ. ಆದರೆ ಲೋಟಸ್ 79 ತನ್ನ ತಳದಡಿಯ ಗಾಳಿಯಿಂದಲೇ ನೆಲಕ್ಕೆ ಒತ್ತಿಕೊಳ್ಳುವ ಉಪಾಯದಿಂದ ಹಿಂದಿನ ವರ್ಷದ ಕಾರುಗಳನ್ನೆಲ್ಲ ಒಟ್ಟಿಗೆ ಹಳತಾಗಿಸಿತ್ತು. ಅದು ಎನ್177 ಒಂದರ ಸೋಲಲ್ಲ.

ಶೋಳಾವರಂನ ಪ್ರಸಂಗಕ್ಕೆ ಈಗ ಬೇರೆ ಅರ್ಥ ಬರುತ್ತದೆ. ಹ್ಯೂಲ್ಯಾಂಡ್ ಮತ್ತು ಕಾಸ್‌ವರ್ತ್ ಬಿಡಿಭಾಗಗಳು ಕೊಳ್ಳುವವರಿಗೆಲ್ಲ ಸಿಗುತ್ತಿದ್ದುದರಿಂದಲೇ ಇಂಥ ಕಾರು ಹುಟ್ಟೂರಿನ ಕಾರ್ಖಾನೆಯ ಆಸರೆಯಿಲ್ಲದೆ ಎರಡನೆಯ ಬಾಳು ಕಾಣಬಹುದಿತ್ತು. ಫೆರಾರಿಯ ಹನ್ನೆರಡು ಸಿಲಿಂಡರಿನ ಕಾರಿಗೆ ಅದು ಸುಲಭವಿರಲಿಲ್ಲ. ಯಾವುದನ್ನು ಜೋಡಣೆ ಎಂದು ಹೀಗಳೆಯಲಾಯಿತೋ ಅದೇ ಗ್ರ್ಯಾನ್ ಪ್ರಿ ಯಂತ್ರವೊಂದನ್ನು ಮದ್ರಾಸಿನ ಯುದ್ಧಕಾಲದ ವಿಮಾನಪಟ್ಟಿಯವರೆಗೆ ತಂದಿತು.

ಟೈರಿನ ಪಾಲನ್ನು ಈ ಲೇಖನ ಬೇರ್ಪಡಿಸಿಲ್ಲ; 1977ರ ಅಭ್ಯಾಸ ಸುತ್ತುಗಳ ಸಮಯಗಳನ್ನು ಹಾದಿವಾರು ಇಟ್ಟು ನೋಡಿದರೆ ಕಿರಿದಾದ ಹೊಂದಾಣಿಕೆಯ ನನ್ನ ಊಹೆ ನಿಲ್ಲುವುದೋ ಬೀಳುವುದೋ ತಿಳಿಯುತ್ತದೆ. ಶೋಳಾವರಂನಲ್ಲಿ ಓಡಿದ ಕಾರಿನ ಒಡಲ ಸಂಖ್ಯೆಯನ್ನು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಪ್ರವೇಶಪಟ್ಟಿಗಳೊಂದಿಗೆ ಹೊಂದಿಸಿ ನೋಡುವ ಕೆಲಸವೂ ಬಾಕಿಯಿದೆ. ಒಡಲಿಗೆ ಬಡಿದ ಫಲಕ, ರೇಸಿನ ದಿನ ತೆಗೆದ ಫೋಟೊ, ಕೊಂಡ ಕಾಗದಪತ್ರ ಮೂರೂ ಕೂಡಿಬಂದಾಗ ಮಾತ್ರ ಆ ಕಾರಿನ ಪೂರ್ವಚರಿತ್ರೆಯನ್ನು ಖಚಿತವಾಗಿ ಬರೆಯಬಹುದು.