ದೇಶ ಸುತ್ತಿದವರು ಕೊಟ್ಟ ಸಮಜಾಯಿಷಿ

‘ದೇಶ ಸುತ್ತು, ಕೋಶ ಓದು’ ಎಂಬುದು ಕನ್ನಡಿಗರೆಲ್ಲ ಬಲ್ಲ ಮಾತು. ಯಾವ ದೇಶ ಸುತ್ತಬೇಕು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಕಾಶಿಗೆ ಹೋಗಿ ಬಂದವರನ್ನು ಊರು ಕಾಲುಮುಟ್ಟಿ ಬರಮಾಡಿಕೊಳ್ಳುತ್ತದೆ. ಇನ್ನು ಕೆಲವು ಕಡೆ ಹೋಗಿ ಬಂದವರಿಗೆ ‘ಅಲ್ಲಿಗೇಕೆ ಹೋಗಿದ್ದಿರಿ?’ ಎಂಬ ಪ್ರಶ್ನೆ ಕಾದಿರುತ್ತದೆ.

2016ರ ಆಗಸ್ಟ್‌ನಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರು ಚಿತ್ರನಟಿ ಹಾಗೂ ಮಂಡ್ಯದ ಮಾಜಿ ಸಂಸದೆ ರಮ್ಯಾ. ಸಾರ್ಕ್ ದೇಶಗಳ ಯುವ ಸಂಸದರ ಸಮಾವೇಶಕ್ಕಾಗಿ ಅವರು ಇಸ್ಲಾಮಾಬಾದಿಗೆ ಹೋಗಿ ಬಂದಿದ್ದರು. ಅದೇ ದಿನಗಳಲ್ಲಿ ಆಗಿನ ರಕ್ಷಣಾ ಸಚಿವ ಮನೋಹರ ಪರ್‍ರೀಕರ್, ಪಾಕಿಸ್ತಾನಕ್ಕೆ ಹೋಗುವುದೂ ನರಕಕ್ಕೆ ಹೋಗುವುದೂ ಒಂದೇ ಎಂದಿದ್ದರು. ಪಾಕಿಸ್ತಾನ ನರಕವಲ್ಲ, ಅಲ್ಲಿಯ ಜನ ನಮ್ಮಂತೆಯೇ ಇದ್ದಾರೆ, ನಮ್ಮನ್ನು ಚೆನ್ನಾಗಿ ನೋಡಿಕೊಂಡರು ಎಂದು ರಮ್ಯಾ ಹೇಳಿದರು. ಇಷ್ಟಕ್ಕೇ ಕೊಡಗಿನ ಸೋಮವಾರಪೇಟೆಯ ನ್ಯಾಯಾಲಯದಲ್ಲಿ ದೇಶದ್ರೋಹದ ದೂರು ಬಿತ್ತು. ಮಂಗಳೂರಿನಲ್ಲಿ ಅವರ ಕಾರಿಗೆ ಮೊಟ್ಟೆ ಎಸೆದದ್ದೂ ಆಯಿತು. ಕ್ಷಮೆ ಕೇಳುವಂಥ ತಪ್ಪನ್ನು ತಾನು ಮಾಡಿಲ್ಲ, ಅಭಿಪ್ರಾಯ ಹೇಳುವ ಹಕ್ಕು ತನಗಿದೆ ಎಂಬುದು ಅವರ ಉತ್ತರವಾಗಿತ್ತು.

ಇದು ಒಬ್ಬ ನಟಿಯ, ಒಂದು ಪಕ್ಷದ ವಿಚಾರವೆಂದು ಪಕ್ಕಕ್ಕೆ ಸರಿಸುವಂಥದ್ದಲ್ಲ. ನಿಷಿದ್ಧ ನೆಲ ತುಳಿದವರು ಸಮಜಾಯಿಷಿ ಕೊಡಬೇಕಾಗಿ ಬಂದ ಚರಿತ್ರೆ ಬಹಳ ಹಳೆಯದು. ಅದರ ಒಂದು ಎಳೆ ನಮ್ಮ ರೋಣ-ಗಜೇಂದ್ರಗಡ ಸೀಮೆಯ ನೆರೆಯ ಬಾದಾಮಿಯವರೆಗೂ ಬರುತ್ತದೆ.

ಚಕ್ರವರ್ತಿಯ ಅಪ್ಪಣೆ ಮೀರಿದ ಭಿಕ್ಷು

ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಹೆಸರನ್ನು ಶಾಲೆಯ ಪಾಠಗಳಲ್ಲಿ ಎಲ್ಲರೂ ಓದಿದ್ದಾರೆ. ಆತ ತನ್ನ ದೇಶದ ಕಾನೂನು ಮುರಿದು ಹೊರಟವನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಗ ತಾಂಗ್ ಸಾಮ್ರಾಜ್ಯದ ಪಶ್ಚಿಮ ಗಡಿಯಾಚೆ ತುರ್ಕರ ಭೀತಿಯಿತ್ತು. ಪ್ರಜೆಗಳು ಗಡಿ ದಾಟಕೂಡದೆಂಬ ಕಟ್ಟಪ್ಪಣೆಯೂ ಇತ್ತು. ಅನುಮತಿಗಾಗಿ ಸಲ್ಲಿಸಿದ ಮನವಿಗೆ ಫಲ ಸಿಗದಿದ್ದಾಗ ಈ ಭಿಕ್ಷು ಸುಮಾರು 629ರಲ್ಲಿ ಕದ್ದು ಹೊರಟ. ಹಗಲು ಅಡಗಿ, ರಾತ್ರಿ ನಡೆದು, ಕಾವಲು ಗೋಪುರಗಳನ್ನು ದಾಟಿದ.

ಸುಮಾರು 641ರಲ್ಲಿ ಆತ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ. ಇಲ್ಲಿಯ ಜನ ಅಭಿಮಾನಿಗಳು, ಉಪಕಾರ ಮರೆಯದವರು, ಅಪಕಾರಕ್ಕೆ ಸೇಡು ತೀರಿಸದೆ ಬಿಡದವರು ಎಂದು ಬರೆದ. ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವುದನ್ನೂ, ಸೋತು ಬಂದ ದಂಡನಾಯಕನಿಗೆ ಹೆಂಗಸರ ಉಡುಗೆ ಕೊಡುವುದನ್ನೂ ದಾಖಲಿಸಿದ. ಉತ್ತರಾಪಥವನ್ನೆಲ್ಲ ಗೆದ್ದ ಹರ್ಷನಿಗೆ ಈ ರಾಜ್ಯ ಮಾತ್ರ ಮಣಿಯಲಿಲ್ಲ ಎಂದೂ ಹೇಳಿದ. ಗಮನಿಸಬೇಕಾದ ಸಂಗತಿಯೆಂದರೆ, ಈತ ಹರ್ಷನ ಆತಿಥ್ಯ ಉಂಡವನು. ಆದರೂ ಹರ್ಷನಿಗೆ ಹಿತವಲ್ಲದ ಈ ಮಾತನ್ನು ಬಚ್ಚಿಡಲಿಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ಒಡೆಯನ ಗೆಲುವನ್ನು ಹಾಡಿದ್ದಾನೆ. ಆಸ್ಥಾನ ಕವಿಯ ಹೊಗಳಿಕೆ ಎಂದು ತಳ್ಳಿಹಾಕಬಹುದಾಗಿದ್ದ ಆ ಮಾತಿಗೆ ಹೊರಗಿನವನ ಸಾಕ್ಷಿ ಸಿಕ್ಕಿದ್ದು ಹೀಗೆ.

ಊರಿಗೆ ಮರಳುವಾಗ ಈ ಭಿಕ್ಷುವೂ ಸಮಜಾಯಿಷಿ ಕೊಡಬೇಕಾಯಿತು. ದಾರಿಯಲ್ಲಿ ಖೋತಾನಿನಿಂದಲೇ ಚಕ್ರವರ್ತಿ ತೈತ್ಸುಂಗನಿಗೆ ಪತ್ರ ಬರೆದು ಅಪ್ಪಣೆಯಿಲ್ಲದೆ ಹೋದದ್ದನ್ನು ಒಪ್ಪಿಕೊಂಡ. 645ರಲ್ಲಿ ಮುಖಾಮುಖಿಯಾದಾಗ, ಹೇಳದೆ ಹೋದದ್ದೇಕೆಂದು ಚಕ್ರವರ್ತಿ ಕೇಳಿದ. ಅನೇಕ ಸಲ ಕೇಳಿದರೂ ಅನುಮತಿ ದೊರೆಯಲಿಲ್ಲ, ಧರ್ಮದ ಹಂಬಲ ತಡೆಯಲಾಗಲಿಲ್ಲ ಎಂದ ಭಿಕ್ಷು. ಚಕ್ರವರ್ತಿ ಮನ್ನಿಸಿದ. ಜತೆಗೆ, ಕಂಡದ್ದನ್ನೆಲ್ಲ ಬರೆದುಕೊಡು ಎಂದ. 646ರಲ್ಲಿ ಸಿದ್ಧವಾದ ಆ ಗ್ರಂಥವೇ ಇಂದಿಗೂ ನಮ್ಮ ಚರಿತ್ರೆಯ ಆಧಾರಗಳಲ್ಲೊಂದು. ಪಶ್ಚಿಮದ ರಾಜ್ಯಗಳ ಮೇಲೆ ಕಣ್ಣಿಟ್ಟಿದ್ದ ಚಕ್ರವರ್ತಿಗೂ ಆ ಮಾಹಿತಿ ಬೇಕಾಗಿತ್ತು. ಪ್ರವಾಸಿಯ ಕಣ್ಣು ಅರಸೊತ್ತಿಗೆಯ ಕಣ್ಣೂ ಆಗಬಲ್ಲದು ಎಂಬ ಇಂದಿನ ಅನುಮಾನಕ್ಕೆ ಅಂದೇ ಕಾರಣವಿತ್ತು.

ಒಂದು ರೂಪಾಯಿ ನಾಲ್ಕಾಣೆ ದಂಡ

ಭಾರತದಲ್ಲಿ ಬಹುಕಾಲ ಪ್ರವಾಸದ ಮೇಲೆ ಕಾವಲು ಕೂತಿದ್ದದ್ದು ಅರಸನಿಗಿಂತ ಹೆಚ್ಚಾಗಿ ಜಾತಿ. ಸಮುದ್ರಯಾನವನ್ನು ಬೌಧಾಯನ ಧರ್ಮಸೂತ್ರ ಪತಿತನನ್ನಾಗಿ ಮಾಡುವ ಪಾಪಗಳ ಸಾಲಿನಲ್ಲಿ ಸೇರಿಸಿದೆ. 1888ರಲ್ಲಿ ಹದಿನೆಂಟರ ಹರೆಯದ ಮೋಹನದಾಸ ಗಾಂಧಿ ಇಂಗ್ಲೆಂಡಿಗೆ ಹೊರಟು ನಿಂತಾಗ ಮುಂಬಯಿಯಲ್ಲಿ ಮೋಢ ಬನಿಯಾ ಸಮಾಜದ ಸಭೆ ಸೇರಿತು. ಓದಲು ಹೋಗುವುದು ಧರ್ಮಕ್ಕೆ ವಿರುದ್ಧವಲ್ಲ, ತಾಯಿಗೆ ಕೊಟ್ಟ ವಚನ ತನ್ನನ್ನು ಕಾಯುತ್ತದೆ, ಈ ವಿಷಯದಲ್ಲಿ ಜಾತಿ ಕೈಹಾಕಬಾರದು ಎಂದು ಗಾಂಧಿ ಉತ್ತರಿಸಿದರು. ಮುಖಂಡ ಅವರನ್ನು ಜಾತಿಯಿಂದ ಹೊರಹಾಕಿದ. ಅವರಿಗೆ ನೆರವಾದವರಿಗೆ ಮತ್ತು ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದ. ಸೆಪ್ಟೆಂಬರ್ 4ರಂದು ಹಡಗು ಹೊರಟಿತು. 1891ರಲ್ಲಿ ಮರಳಿದಾಗ ಅಣ್ಣನ ಮನಸ್ಸಿಗಾಗಿ ನಾಸಿಕದ ಗೋದಾವರಿಯಲ್ಲಿ ಮುಳುಗಿ ಶುದ್ಧಿ ಮಾಡಿಕೊಳ್ಳಬೇಕಾಯಿತು.

ನಮ್ಮ ಕರಾವಳಿಯ ಸಾರಸ್ವತ ಸಮಾಜದಲ್ಲಿಯೂ ವಿಲಾಯತಿಗೆ ಹೋಗಿ ಬಂದವರೊಡನೆ ಪಂಕ್ತಿಯಲ್ಲಿ ಉಣ್ಣಬಹುದೇ ಎಂಬ ಪ್ರಶ್ನೆ ವರ್ಷಗಟ್ಟಲೆ ಮನೆ ಮನೆಗಳನ್ನು ಒಡೆದಿತ್ತು. ಆ ಕಾಲ ಪೂರ್ತಿ ಮುಗಿದಿದೆ ಎನ್ನುವಂತಿಲ್ಲ. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ ವಿದೇಶಯಾತ್ರೆ 2008ರ ಪರ್ಯಾಯದ ಹೊತ್ತಿಗೆ ದೊಡ್ಡ ವಿವಾದವಾಯಿತು. 2024ರ ಅವರ ಪರ್ಯಾಯದಲ್ಲೂ ಆ ಮಾತು ಮತ್ತೆ ಕೇಳಿಬಂತು.

ಊರ ಪಕ್ಕದ ಪರದೇಶ

ನಿಷಿದ್ಧ ನೆಲ ದೂರವೇ ಇರಬೇಕೆಂದಿಲ್ಲ. ರಾಜೂರ, ಗಜೇಂದ್ರಗಡ ಸೀಮೆ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮೂಡಲ ದಿಕ್ಕಿನ ಯಲಬುರ್ಗಾ, ಕುಷ್ಟಗಿಗಳು ಹೈದರಾಬಾದಿನ ನಿಜಾಮನ ರಾಜ್ಯದವು. ಅಲ್ಲಿಯ ನಾಣ್ಯ ಬೇರೆ, ಸುಂಕದ ಕಟ್ಟೆ ಬೇರೆ, ಪೊಲೀಸರು ಬೇರೆ. ಆಡುವ ಮಾತು ಮಾತ್ರ ಎರಡೂ ಕಡೆ ಒಂದೇ ಕನ್ನಡ.

1947ರ ಆಗಸ್ಟ್ 15ರಂದು ಈ ಕಡೆ ಸ್ವಾತಂತ್ರ್ಯ ಬಂದರೂ ಆ ಕಡೆ ಬರಲಿಲ್ಲ. ರಜಾಕಾರರ ಹಾವಳಿ ಹೆಚ್ಚಿದಂತೆ ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳು ತಲೆಯೆತ್ತಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವಿತ್ತು. ಗಜೇಂದ್ರಗಡವೂ ಅಂಥದೊಂದು ನೆಲೆಯಾಯಿತು. ಗಡಿ ದಾಟಿ ಹೋದವರು ಒಂದು ಸರಕಾರದ ಕಣ್ಣಿಗೆ ವೀರರು, ಇನ್ನೊಂದರ ಕಣ್ಣಿಗೆ ದ್ರೋಹಿಗಳು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. 1956ರ ನವೆಂಬರ್ 1ರಂದು ಎರಡೂ ಸೀಮೆಗಳು ಒಂದೇ ರಾಜ್ಯದಲ್ಲಿ ಸೇರಿದವು. ಅಂದಿನ ಪರರಾಜ್ಯ ಇಂದು ಬಸ್ಸಿನ ಚೀಟಿ ತೆಗೆಸಿ ಹೋಗಿ ಬರುವ ನೆರೆಯ ತಾಲ್ಲೂಕು. ನೆಲ ಅದೇ, ಜನ ಅದೇ. ಬದಲಾದದ್ದು ಆಳುವವರು.

ಲಾಹೋರಿನಲ್ಲಿ ಕೊಟ್ಟ ಉತ್ತರ

ಪಾಕಿಸ್ತಾನದ ಗಡಿ ಹಾಗೆ ಕರಗಿಲ್ಲ. ಯುದ್ಧಗಳೂ ಭಯೋತ್ಪಾದನೆಯೂ ಅದನ್ನು ಗಟ್ಟಿಗೊಳಿಸಿವೆ. ಆ ಗಡಿಯನ್ನು 1999ರ ಫೆಬ್ರುವರಿ 20ರಂದು ಬಸ್ಸಿನಲ್ಲಿ ದಾಟಿದವರು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ. ಮರುದಿನ ಅವರು ಲಾಹೋರಿನ ಮಿನಾರ್-ಎ-ಪಾಕಿಸ್ತಾನಕ್ಕೆ ಹೋದರು. 1940ರಲ್ಲಿ ಮುಸ್ಲಿಂ ಲೀಗ್ ತನ್ನ ಲಾಹೋರ್ ನಿರ್ಣಯವನ್ನು ಅಂಗೀಕರಿಸಿದ ಜಾಗ ಅದು. ಅಲ್ಲಿಗೆ ಹೋದರೆ ಪಾಕಿಸ್ತಾನಕ್ಕೆ ಭಾರತದ ಮೊಹರು ಒತ್ತಿದಂತೆ ಎಂದು ಕೆಲವರು ಎಚ್ಚರಿಸಿದ್ದರು. ಆ ದೇಶ ನಡೆಯುತ್ತಿರುವುದು ನನ್ನ ಮೊಹರಿನಿಂದಲ್ಲ, ಅದಕ್ಕೆ ಅದರದೇ ಮೊಹರಿದೆ ಎಂಬರ್ಥದ ಉತ್ತರವನ್ನು ವಾಜಪೇಯಿ ಲಾಹೋರಿನ ಸಭೆಯಲ್ಲೇ ಕೊಟ್ಟರು. ಅದೇ ವರ್ಷ ಕಾರ್ಗಿಲ್ ಯುದ್ಧ ನಡೆದಾಗ ಈ ಪ್ರಯಾಣವನ್ನು ಅನೇಕರು ಎತ್ತಿ ಆಡಿದರು.

2005ರ ಜೂನ್‌ನಲ್ಲಿ ಲಾಲ್‌ಕೃಷ್ಣ ಆಡ್ವಾಣಿ ತಮ್ಮ ಹುಟ್ಟೂರಾದ ಕರಾಚಿಗೆ ಹೋಗಿ ಜಿನ್ನಾ ಸಮಾಧಿಯ ಪುಸ್ತಕದಲ್ಲಿ ಬರೆದ ಕೆಲವು ಸಾಲುಗಳು ಅವರ ಪಕ್ಷದಲ್ಲೇ ಬಿರುಗಾಳಿ ಎಬ್ಬಿಸಿದವು. ಆ ವರ್ಷದ ಕೊನೆಗೆ ಅವರು ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟರು. ರಮ್ಯಾ ಎದುರಿಸಿದ ಪ್ರಶ್ನೆ ಒಂದು ಪಕ್ಷದವರಿಗಷ್ಟೇ ಮೀಸಲಲ್ಲ ಎಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಹೋಗದಿರುವುದೂ ಒಂದು ಉತ್ತರ

ಹಾಗಾದರೆ ಎಲ್ಲ ನಿಷೇಧಗಳೂ ಕುರುಡೇ? ಹಾಗೆ ಹೇಳಲಾಗದು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದ ಜತೆ ಭಾರತ 1946ರಲ್ಲೇ ವ್ಯಾಪಾರ ಸಂಬಂಧ ಕಡಿದುಕೊಂಡಿತು. ಭಾರತದ ಪಾಸ್‌ಪೋರ್ಟ್ ಆ ದೇಶಕ್ಕೆ ಸಲ್ಲುತ್ತಿರಲಿಲ್ಲ. 1974ರಲ್ಲಿ ಡೇವಿಸ್ ಕಪ್ ಟೆನಿಸ್‌ನ ಅಂತಿಮ ಸುತ್ತಿಗೆ ಏರಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕ ಎಂಬ ಕಾರಣಕ್ಕೆ ಆಡಲಿಲ್ಲ. ಕಪ್ ಕೈತಪ್ಪಿತು. 1982ರಲ್ಲಿ ನಿಷೇಧ ಮುರಿದು ಅಲ್ಲಿ ಆಡಲು ಹೋದ ಇಂಗ್ಲೆಂಡಿನ ಕ್ರಿಕೆಟಿಗರು, ನಾವು ಕೇವಲ ಆಟಗಾರರು ಎಂಬ ಸಮಜಾಯಿಷಿ ಕೊಟ್ಟರೂ ಮೂರು ವರ್ಷ ತಂಡದಿಂದ ಹೊರಗುಳಿಯಬೇಕಾಯಿತು. ವರ್ಣಭೇದ ಕೊನೆಗಾಣತೊಡಗಿದ ಮೇಲೆ, 1992ರಲ್ಲಿ ನಮ್ಮ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇದ್ದ ಭಾರತ ತಂಡ ಅಲ್ಲಿಗೆ ಹೋಯಿತು. ಆ ಪ್ರವಾಸಕ್ಕೆ ಎರಡೂ ಕಡೆ ಸಿಕ್ಕಿದ್ದು ಸ್ವಾಗತ.

ಬರ್ಮಾದ ಸೇನಾ ಸರಕಾರ 1996ನ್ನು ಪ್ರವಾಸಿ ವರ್ಷವೆಂದು ಸಾರಿದಾಗ, ಪ್ರವಾಸಿಗರು ಬರಬಾರದು ಎಂದು ಬೇಡಿಕೊಂಡವರು ಆಂಗ್ ಸಾನ್ ಸೂ ಕಿ. ಪ್ರವಾಸಿಗರ ಹಣ ಸೇನಾಧಿಕಾರಿಗಳ ಕೈ ಸೇರುತ್ತದೆ ಎಂಬುದು ಅವರ ವಾದ. ಈ ಎರಡೂ ಬಹಿಷ್ಕಾರಗಳಿಗೆ ತೂಕ ಬಂದದ್ದು ಒಂದು ಕಾರಣದಿಂದ. ಬರಬೇಡಿ ಎಂದದ್ದು ಆ ನೆಲದಲ್ಲೇ ತುಳಿತಕ್ಕೊಳಗಾದ ಜನ. ಹೊರಗೆ ಕೂತವರ ಸಿಟ್ಟಿಗೂ ಅವರ ಕೋರಿಕೆಗೂ ಅಂತರವಿದೆ.

ಸಿಟ್ಟಿನ ಆಯುಷ್ಯ ಕಡಿಮೆ. 2024ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಉಪಮಂತ್ರಿಗಳು ಪ್ರಧಾನಿ ಮೋದಿಯವರ ಬಗ್ಗೆ ಹಗುರವಾಗಿ ಮಾತಾಡಿದಾಗ ಆ ದ್ವೀಪಗಳಿಗೆ ಯಾರೂ ಹೋಗಬಾರದೆಂಬ ಕೂಗೆದ್ದಿತು. ಹೋದವರ ಚಿತ್ರಗಳಿಗೆ ಬೈಗುಳ ಬಿತ್ತು. 2025ರ ಜುಲೈನಲ್ಲಿ ಅದೇ ದೇಶದ ಸ್ವಾತಂತ್ರ್ಯೋತ್ಸವಕ್ಕೆ ಪ್ರಧಾನಿಯವರೇ ಅತಿಥಿಯಾಗಿ ಹೋಗಿ ಬಂದರು.

ಕ್ಯಾಮೆರಾ ಹಿಡಿದವರ ಕಾಲ

ಇಂದಿನ ಪ್ರವಾಸಿ ಗ್ರಂಥ ಬರೆಯುವುದಿಲ್ಲ. ಕೈಯಲ್ಲಿ ಮೊಬೈಲು ಹಿಡಿದು ನಡೆಯುತ್ತಲೇ ಮಾತಾಡುತ್ತಾನೆ. ‘ಡಾ. ಬ್ರೋ’ ಎಂದೇ ಪರಿಚಿತರಾದ ಗಗನ್ ಶ್ರೀನಿವಾಸ್ ತಾಲಿಬಾನರ ಆಡಳಿತದ ಅಫ್ಘಾನಿಸ್ತಾನವನ್ನೂ ಕನ್ನಡದಲ್ಲಿ ತೋರಿಸಿದರು. ಹಳ್ಳಿಯ ಜಗಲಿಯಲ್ಲಿ ಕೂತವರು ಕಾಬೂಲಿನ ಬೀದಿಯನ್ನು ನೋಡಿದರು. ನಂಟು ಹಳೆಯದೇ. 1443ರಲ್ಲಿ ವಿಜಯನಗರಕ್ಕೆ ಬಂದು ಅದರ ವೈಭವವನ್ನು ಬಣ್ಣಿಸಿದ ಅಬ್ದುರ್ ರಜಾಕ್, ಇಂದು ಅಫ್ಘಾನಿಸ್ತಾನದಲ್ಲಿರುವ ಹೆರಾತ್ ನಗರದ ಆಸ್ಥಾನದಿಂದ ಹೊರಟವನು.

ಈ ಹೊಸ ಬಗೆಯ ಪ್ರವಾಸದಲ್ಲಿ ಅಪಾಯವೂ ಇದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ಹತ್ಯಾಕಾಂಡದ ನಂತರ ಪಾಕಿಸ್ತಾನಕ್ಕೆ ಹೋಗಿ ಬಂದವರ ಮೇಲೆ ಕಣ್ಣು ಬಿತ್ತು. ಮೇ ತಿಂಗಳಲ್ಲಿ ಹರಿಯಾಣದ ಹಿಸಾರ್‌ನ ಪ್ರವಾಸಿ ಯುಟ್ಯೂಬರ್ ಒಬ್ಬರನ್ನು ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಲಾಯಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಗುಟ್ಟು ಮಾರುವುದು ಅಪರಾಧ, ಅದಕ್ಕೆ ಕಾನೂನಿದೆ. ಒಂದು ಊರಿನ ಜನ ಒಳ್ಳೆಯವರೆಂದು ಹೇಳುವುದು ಆ ಸಾಲಿಗೆ ಸೇರದು. ಹಿಂಸೆಗೆ ಪ್ರಚೋದಿಸದ ಮಾತು ದೇಶದ್ರೋಹವಾಗದು ಎಂಬರ್ಥದ ತೀರ್ಪನ್ನು ಸುಪ್ರೀಂ ಕೋರ್ಟ್ 1962ರ ಕೇದಾರನಾಥ್ ಸಿಂಗ್ ಪ್ರಕರಣದಲ್ಲೇ ಕೊಟ್ಟಿದೆ. ಈ ಎರಡನ್ನೂ ಒಂದೇ ಗಾಣಕ್ಕೆ ಹಾಕಿದರೆ ನಿಜವಾದ ಬೇಹುಗಾರನಿಗೇ ಅನುಕೂಲ.

ಪ್ರವಾಸಿಗನನ್ನು ಪ್ರಶ್ನಿಸಲೇಬಾರದು ಎಂದಲ್ಲ. ಕೇಳಬೇಕಾದ ಪ್ರಶ್ನೆಗಳಿವೆ. ಖರ್ಚು ಕೊಟ್ಟವರು ಯಾರು? ತಿರುಗಾಡಿಸಿದವರು ಯಾರು? ತೋರಿಸಿದ ಬೀದಿಯ ಹಿಂದಿನ ಓಣಿಯಲ್ಲಿ ಏನಿತ್ತು? ಕಾಬೂಲಿನ ಹಣ್ಣಿನಂಗಡಿ ತೋರಿಸಿದವರು, 2021ರಿಂದ ಅಲ್ಲಿಯ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿರುವುದನ್ನೂ ಹೇಳಿದರೇ? ಆತಿಥ್ಯ ಕೊಟ್ಟವರಿಗೆ ಹಿತವಾಗದ ಒಂದು ಮಾತಾದರೂ ಅವರ ಬಾಯಿಂದ ಬಂತೇ? ‘ಏಕೆ ಹೋದೆ’ ಎಂದು ಗದರುವುದಕ್ಕಿಂತ ‘ಏನು ಕಂಡೆ, ಏನು ಬಿಟ್ಟೆ’ ಎಂದು ಕೇಳುವುದು ಕಷ್ಟ. ಅದಕ್ಕೆ ಕೇಳುವವರಿಗೂ ಆ ದೇಶದ ಬಗ್ಗೆ ಒಂದಿಷ್ಟು ತಿಳಿದಿರಬೇಕು. ಗಾದೆಯಲ್ಲಿ ‘ದೇಶ ಸುತ್ತು’ ಎಂಬುದರ ಜತೆಗೇ ‘ಕೋಶ ಓದು’ ಎಂಬ ಮಾತೂ ಸೇರಿರುವುದು ಬಹುಶಃ ಇದಕ್ಕೇ.